ಚಲುವಯ್ಯ ಮೇಷ್ಟ್ರ ಇನ್ನೊಂದು ಮಿದುಳು

ಚನ್ನರಾಯಪಟ್ಟಣದಲ್ಲಿ ನಲವತ್ತು ದಾಟಿದ ಗಂಡಸರಲ್ಲಿ ಅರ್ಧ ಜನಕ್ಕೆ ಚಲುವಯ್ಯ ಮೇಷ್ಟ್ರು ಲೆಕ್ಕ ಹೇಳಿಕೊಟ್ಟಿದ್ದರು. ಮಿಕ್ಕವರು ಬೇರೆ ಶಾಲೆಗೆ ಸೇರಿ ಬಚಾವಾಗಿದ್ದರು. ಮೇಷ್ಟ್ರು ಹೊಡೆಯುತ್ತಿರಲಿಲ್ಲ. ಹೊಡೆದಿದ್ದರೆ ಸಂಜೆಯೊಳಗೆ ನೋವು ಇಳಿಯುತ್ತಿತ್ತು. ಅವರು ಬೈಯುತ್ತಿದ್ದರು. "ನಿನ್ ತಲೆ ಒಡೆದು ನೋಡಿದ್ರೆ ಒಳಗೆ ಬೂಸಾ ಸಿಗ್ತದೆ ಕಣ್ಲಾ" ಎಂದು ಒಮ್ಮೆ ಅನ್ನಿಸಿಕೊಂಡವನು ಮೊಮ್ಮಕ್ಕಳ ಕಾಲಕ್ಕೂ ಮರೆಯುತ್ತಿರಲಿಲ್ಲ.

ರಿಟೈರಾದ ಮೇಲೆ ಬೈಯಲು ಮಕ್ಕಳು ಸಿಗದೆ ಪೇಪರ್ ಹಾಕುವವನನ್ನೂ ಟಿವಿಯಲ್ಲಿ ಸುದ್ದಿ ಓದುವವರನ್ನೂ ಬೈದರು. ಹೆಂಡತಿ ಮಲ್ಲಿಗಮ್ಮನ ತಂಟೆಗೆ ಮಾತ್ರ ಹೋಗುತ್ತಿರಲಿಲ್ಲ. ಆಕೆ ತಿರುಗಿ ಬೈಯುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ರೂಪಶ್ರೀ ಮನೆಗೆ ಬಂದಳು. ಮೇಷ್ಟ್ರು ಹೊಗಳಿದ್ದ ಒಬ್ಬಳೇ ಶಿಷ್ಯೆ ಅವಳು. ಈಗ ಹಾಸನದ ಹೊರವಲಯದ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿ.

"ಸ್ವಲ್ಪ ರಕ್ತ ಕೊಡ್ತೀರಾ ಸರ್? ಅದರಲ್ಲಿರೋ ಜೀವಕೋಶಗಳಿಂದ ಮಿದುಳಿನ ಕೋಶ ಬೆಳೆಸ್ತೀವಿ. ಸಾಸಿವೆ ಕಾಳಿನಷ್ಟು ಗಾತ್ರದ ಉಂಡೆ ಆಗುತ್ತೆ. ಅದನ್ನ ಕಂಪ್ಯೂಟರ್‌ಗೆ ಜೋಡಿಸಿ ಕೆಲಸ ಕಲಿಸ್ತೀವಿ. ಕರೆಂಟು ತುಂಬಾ ಕಮ್ಮಿ ಸಾಕು."

"ಇರೋದನ್ನೇ ತಡ್ಕಳಕ್ಕಾಯ್ತಿಲ್ಲ ಕಣವ್ವ, ಇನ್ನೊಂದ್ ಬೆಳೆಸ್ತೀಯಾ?" ಎಂದರು ಮಲ್ಲಿಗಮ್ಮ.

ಅಷ್ಟರಲ್ಲಿ ಮೇಷ್ಟ್ರು ರಕ್ತ ಕೊಡಲು ಅಂಗಿಯ ತೋಳು ಮಡಚಿ ಕೂತಾಗಿತ್ತು. "ಸರಿಯಾದ ಮನೆಗೇ ಬಂದಿದ್ದೀಯ" ಎಂದರು.

ಕೆಲವು ತಿಂಗಳು ಕಳೆದ ಮೇಲೆ ರಕ್ತ ಕೊಟ್ಟವರನ್ನೆಲ್ಲ ತಂತಮ್ಮ ಉಂಡೆ ನೋಡಿಹೋಗಲು ಕರೆದರು. ಹಾಸನದ ಬಸ್ಸಿನಲ್ಲಿ ಮೇಷ್ಟ್ರ ಪಕ್ಕಕ್ಕೆ ಪುಟ್ಟರಾಜು ಬಂದು ಕೂತ. ಬಸ್‌ಸ್ಟ್ಯಾಂಡ್ ಹತ್ತಿರ ಪಂಕ್ಚರ್ ಅಂಗಡಿ ಇಟ್ಟವನು, ಎಸೆಸೆಲ್ಸಿ ಲೆಕ್ಕದಲ್ಲಿ ಮೂರು ಸಲ ಡುಮ್ಕಿ ಹೊಡೆದವನು. ಬೂಸಾದ ಮಾತು ಹುಟ್ಟಿದ್ದೇ ಅವನಿಗಾಗಿ.

"ಎಲ್ಲಿಗ್ಲಾ ಹೊರಟೆ?"

"ಮಿದುಳು ನೋಡಾಕೆ ಸಾ."

"ಯಾರದು?"

"ನಂದೇಯ ಸಾ. ರೂಪಶ್ರೀ ನನ್ತಾವೂ ರಕ್ತ ಇಸ್ಕಂಡಿದ್ಲು."

ಮೇಷ್ಟ್ರು ಶಾಂತಿಗ್ರಾಮ ಬರುವವರೆಗೂ ನಕ್ಕರು.

ಪ್ರಯೋಗಾಲಯದಲ್ಲಿ ಇಬ್ಬರಿಗೂ ಬಿಳಿ ಕೋಟು, ತಲೆಗೆ ಟೋಪಿ ಹಾಕಿಸಿದರು. ಫ್ರಿಜ್ಜಿನಂತೆ ಕಾಣುವ, ಆದರೆ ಒಳಗೆ ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಗಾಜಿನ ತಟ್ಟೆಗಳಿದ್ದವು. ಪರದೆಯ ಮೇಲೆ ಒಂದು ಚೆಂಡು ಬರುತ್ತಿತ್ತು. ಅದನ್ನು ಹೊಡೆಯಲು ಅಲ್ಲೇ ಇದ್ದ ಬ್ಯಾಟನ್ನು ಆಡಿಸುವುದು ತಟ್ಟೆಯೊಳಗಿನ ಉಂಡೆ. ಚೆಂಡು ತಗುಲಿದರೆ ಉಂಡೆಗೆ ಒಂದೇ ಲಯದ ಮಿಡಿತ ಕೊಡುತ್ತಾರೆ, ತಪ್ಪಿದರೆ ಗಜಿಬಿಜಿ ಗಲಾಟೆ. ಗಲಾಟೆ ತಪ್ಪಿಸಿಕೊಳ್ಳಲು ಅದು ನಿಧಾನಕ್ಕೆ ಆಟ ಕಲಿಯುತ್ತದೆ ಎಂದಳು ರೂಪಶ್ರೀ.

ಪುಟ್ಟರಾಜುವಿನ ಉಂಡೆ ಚೆಂಡನ್ನು ಪಟಪಟ ಹೊಡೆಯಿತು. ಮೇಷ್ಟ್ರದ್ದು ಬ್ಯಾಟನ್ನು ಒಂದು ಮೂಲೆಗೆ ನೂಕಿ ಸುಮ್ಮನಾಯಿತು.

"ಲೇ, ಎದ್ದೇಳ್ಲಾ ಮೇಲಕ್ಕೆ!" ಎಂದು ಮೇಷ್ಟ್ರು ತಟ್ಟೆಯ ಮೇಲೆ ರೇಗಿದರು.

"ಸರ್, ಅದಕ್ಕೆ ಕಿವಿ ಇಲ್ಲ. ನಿಮ್ಮ ಬುದ್ಧಿಗೂ ಅದಕ್ಕೂ ಸಂಬಂಧವೂ ಇಲ್ಲ. ಒಬ್ಬರ ರಕ್ತದಿಂದಲೇ ಹತ್ತು ಬೆಳೆಸಿದ್ರೂ ಹತ್ತೂ ಬೇರೆ ಬೇರೆ ಥರ ಆಡ್ತವೆ."

"ಒಸಿ ನಿಧಾನ ಅಷ್ಟೇಯ ಸಾ. ಕಲ್ತ್ಕತದೆ ಬುಡಿ" ಎಂದ ಪುಟ್ಟರಾಜು. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ಮೇಷ್ಟ್ರ ಹೊಟ್ಟೆ ಉರಿದದ್ದು ಅದಕ್ಕೇ.

ಪುಟ್ಟರಾಜು ಇದನ್ನು ಹೆಂಡತಿಗೊಬ್ಬಳಿಗೆ ಹೇಳಿದ. ಮಾರನೆಯ ದಿನ ಕ್ಷೌರದಂಗಡಿಯವನು "ಎಲ್ಡ್ರಲ್ಲಿ ಯಾವ ತಲೆಗೆ ಕಟಿಂಗು ಸಾ?" ಎಂದು ಕೇಳಿದ. ಮೇಷ್ಟ್ರು ಅರ್ಧ ಕಟಿಂಗಿಗೇ ಎದ್ದು ಬಂದು ಮನೆಯೊಳಗೆ ಸೇರಿಕೊಂಡರು. ಟಿವಿ ನೋಡಿದರೂ ಬೈಯಲಿಲ್ಲ. ಮಲ್ಲಿಗಮ್ಮನಿಗೆ ಗಾಬರಿಯಾಯಿತು. "ಯಾರ್ನಾದ್ರೂ ಒಂದೀಟು ಬಯ್ರೀ, ಮನೆ ಬಿಕೋ ಅಂತದೆ" ಎಂದು ಗೋಗರೆದರು.

ಕೊನೆಗೊಂದು ಬೆಳಿಗ್ಗೆ ಮೇಷ್ಟ್ರು ನೆಟ್ಟಗೆ ಪಂಕ್ಚರ್ ಅಂಗಡಿಗೇ ಹೋದರು. ಜಗಳ ನೋಡಲು ಆಟೋದವರು ಹತ್ತಿರ ಬಂದು ನಿಂತರು.

"ಆ ಉಂಡೆ ತಪ್ಪು ಮಾಡಿದ್ರೆ ಏನ್ ಕೊಡ್ತಾರೆ ಅಂದ್ಲು ರೂಪಶ್ರೀ?"

"ಗಲಾಟೆ ಸಾ."

"ನಿಂಗೆ ನಾನು ಕೊಟ್ಟಿದ್ದೂ ಅದೇ, ಅಲ್ವಾ?"

ಪುಟ್ಟರಾಜು ಟ್ಯೂಬು ಕೆಳಗಿಟ್ಟ. "ಊ ಸಾ. ಆದ್ರೆ ಆ ಉಂಡೆಗೆ ಕಾಲಿಲ್ಲ, ಕೂತು ಕಲೀತು. ನಂಗೆ ಕಾಲಿತ್ತು, ಕಿಟಕಿ ನೆಗ್ದು ಓಡೋದೆ."

ಆಟೋದವರಿಗೆ ಜಗಳ ಸಿಗಲಿಲ್ಲ. ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನಗು ಯಾವುದು, ಅಳು ಯಾವುದು ಎಂದು ಪುಟ್ಟರಾಜು ಕೇಳಲು ಹೋಗದೆ ಕಾಫಿ ತರಿಸಿದ.

ಅದೇ ವಾರ ರೂಪಶ್ರೀ ಫೋನ್ ಮಾಡಿದಳು. ತಟ್ಟೆಗೆ ಬೂಷ್ಟು ಹಿಡಿದು ಮೇಷ್ಟ್ರ ಉಂಡೆ ಸತ್ತುಹೋಗಿತ್ತು. ಮೇಷ್ಟ್ರು ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ತಾವೇ ಫೋನ್ ಮಾಡಿ, "ನೋವಾಯ್ತೇನಮ್ಮ ಅದಕ್ಕೆ?" ಎಂದು ಕೇಳಿದರು.

"ಅಷ್ಟು ಚಿಕ್ಕದಕ್ಕೆ ನೋವು ಗೊತ್ತಾಗಲ್ಲ ಅಂತ ನಮ್ಮ ನಂಬಿಕೆ ಸರ್. ನಿಮ್ಮ ಕೋಶಗಳು ಫ್ರೀಜರ್‌ನಲ್ಲಿ ಇನ್ನೂ ಇವೆ. ಮತ್ತೆ ಬೆಳೆಸಲಾ?"

"ಬೆಳೆಸು. ಸಪ್ಲಿಮೆಂಟರಿ ಕಟ್ಟಿದ್ದಾನೆ ಅಂತ ತಿಳ್ಕೊ."

ಹೊಸದು ಆಟಕ್ಕೆ ಬಂದಾಗ ಮೇಷ್ಟ್ರು ಪುಟ್ಟರಾಜುವನ್ನೂ ಜೊತೆಗೆ ಕರೆದುಕೊಂಡು ಹೋದರು. ಮೊದಲ ಚೆಂಡು ತಪ್ಪಿತು, ಎರಡನೆಯದೂ ತಪ್ಪಿತು. "ಪರವಾಗಿಲ್ಲ ಮಗ, ಇನ್ನೊಂದ್ಸಲ ನೋಡು" ಎಂದು ಮೇಷ್ಟ್ರು ತಟ್ಟೆಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. ರೂಪಶ್ರೀ ನಗು ತಡೆದುಕೊಂಡು ಪರದೆಯತ್ತ ತಿರುಗಿದಳು. ಸುಮಾರು ಹೊತ್ತಿನ ಮೇಲೆ ಬ್ಯಾಟಿನ ತುದಿಯನ್ನು ಚೆಂಡು ಸವರಿತು. ಪುಟ್ಟರಾಜು ಶಿಳ್ಳೆ ಹೊಡೆದ, ಅವನನ್ನು ಹೊರಗೆ ಕಳಿಸಿದರು.

ಮನೆಗೆ ಬಂದ ಮೇಷ್ಟ್ರು ಚಪ್ಪಲಿಯನ್ನೂ ಬಿಡದೆ ಹೆಂಡತಿಗೆ ಎಲ್ಲ ಹೇಳಿದರು. "ಒಂದು ಬೈಗುಳವೂ ಇಲ್ಲದೆ ಕಲೀತು ಕಣೇ!"

ಮಲ್ಲಿಗಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಅಂಗಾದ್ರೆ ಅದನ್ನ ಮನೆಗೆ ಕರ್ಕಬನ್ನಿ. ನೀವ್ ಓಗಿ ಆ ತಟ್ಟೇಲಿ ಕೂತ್ಕಳಿ."