ಬಂದ್ ಆಗದ ಫೋನು

ನಮ್ಮಪ್ಪನ ಫೋನಿಗೆ ಬಂದ್ ಆಗುವುದೇ ಗೊತ್ತಿರಲಿಲ್ಲ. ಮೂಡಲಗಿ ಹತ್ತಿರದ ನಮ್ಮ ಕಬ್ಬಿನ ಹೊಲದ ಪಂಪಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿದ್ದಾರೆ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಆ ಯಂತ್ರವೇ ಅಪ್ಪನಿಗೆ ಫೋನು ಹಚ್ಚುತ್ತದೆ. ಇವರು ಒಂದು ಗುಂಡಿ ಒತ್ತಿದರೆ ಮೋಟಾರು ಶುರು. ಒಮ್ಮೆ ಕಿಸೆಯಲ್ಲಿ ಒತ್ತಿ ಫೋನು ಆಫ್ ಆಗಿ, ನೀರು ತಪ್ಪಿ, ಎಳೆ ಕಬ್ಬು ಬಾಡಿತು. ತಗೋ, ಮರುದಿನವೇ ಗೋಕಾಕದ ರಿಪೇರಿ ಅಂಗಡಿಗೆ ಹೋಗಿ ಫೋನು ಬಂದ್ ಮಾಡುವ ಕೆಂಪು ಗುಂಡಿಯ ಮೇಲೆ ಎಂಸೀಲ್ ಅಂಟು ಮೆತ್ತಿಸಿಕೊಂಡು ಬಂದರು. ಬ್ಯಾಟರಿ ಬೀಳಬಾರದೆಂದು ಮೇಲೆ ಕರಿ ಟೇಪು, ಸುತ್ತಿದ್ದೇ ಸುತ್ತಿದ್ದು.

ಪಂಪು ಕರೆಯುವ ಮುಂಚೆಯೇ ನಮಗೆ ತಿಳಿಯುತ್ತಿತ್ತು. ಫೋನಿನ ಪಕ್ಕದ ರೇಡಿಯೊ ಟರಟಕ್, ಟರಟಕ್ ಎನ್ನುತ್ತಿತ್ತು. ಆಮೇಲೆ ಫೋನು ಬಡಿದುಕೊಳ್ಳುತ್ತಿತ್ತು. ಅಷ್ಟೂ ಹೊತ್ತು ವಾರ್ತೆ ಓದುವವರ ಮಾತು ಒಂದೂ ಕೇಳಿಸುತ್ತಿರಲಿಲ್ಲ.

ತಂಗಿ ಹೆತ್ತಾಗ ಕೂಸು ನೋಡಲು ಹೈದರಾಬಾದಿಗೆ ಹೊರಟೆವು. ನಾನು ಹುಕ್ಕೇರಿಯ ಗಂಡನ ಮನೆಯಿಂದ ಬಂದು ಬೆಳಗಾವಿಯಲ್ಲಿ ಅಪ್ಪನನ್ನು ಕೂಡಿಕೊಂಡೆ. ಇಬ್ಬರಿಗೂ ಅದೇ ಮೊದಲ ವಿಮಾನ, ಅದರಲ್ಲೂ ಮೊದಲ ಸಾಲು. ಫೋನು ಬಂದ್ ಮಾಡಿ ಎಂದು ಗಗನಸಖಿ ಹೇಳಿದಾಗ ಅಪ್ಪ ದೊಡ್ಡದಾಗಿ ತಲೆಯಾಡಿಸಿ, ಅದನ್ನು ಒಳಕಿಸೆಗೆ ತುರುಕಿಕೊಂಡರು.

ಇಳಿಯುವ ಹೊತ್ತಿಗೆ ವಿಮಾನ ಕುಲುಕತೊಡಗಿತು. ಅಪ್ಪ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಬೆಲ್ಟ್ ಬಿಚ್ಚಬೇಡಿ ಎಂದು ಗಗನಸಖಿ ಮೈಕಿನಲ್ಲಿ ಹೇಳುತ್ತಿದ್ದಳು. ಆ ಮಾತಿನ ನಡುವೆ, ನಮ್ಮ ತಲೆಯ ಮೇಲಿನ ಸ್ಪೀಕರಿನಲ್ಲಿ, ಟರಟಕ್, ಟರಟಕ್.

ಅದು ನಮ್ಮ ಮನೆಯ ಸದ್ದು! ಮರುಗಳಿಗೆಯೇ ಅಪ್ಪನ ಕಿಸೆ ಬಡಿದುಕೊಂಡಿತು.

"ಯಪ್ಪಾ, ಬಂದ್ ಮಾಡಿಲ್ಲೇನು? ಪೈಲಟನ ಕಿವ್ಯಾಗೂ ಇದ ಗದ್ಲ ಕೇಳಾಕತ್ತಿದ್ರ?"

"ಹೆಂಗ ಮಾಡ್ಲೆವ್ವಾ? ಬಟನ್ ಒತ್ತಾಕ ಬರಂಗಿಲ್ಲಲ್ಲ!"

"ಸುಡ್ಲಿ ನಿನ್ನ ಎಂಸೀಲು!"

ಫೋನು ಕಸಿದುಕೊಂಡೆ. ಕಿಟಕಿಯಲ್ಲಿ ಮನೆಗಳ ಮೇಲಿನ ನೀರಿನ ಟ್ಯಾಂಕುಗಳು ಕಾಣುವಷ್ಟು ಕೆಳಗೆ ಬಂದಿದ್ದೆವು. ಅಷ್ಟರಲ್ಲಿ ಎಂಜಿನ್ ಒಮ್ಮೆಲೇ ಅಬ್ಬರಿಸಿ ವಿಮಾನ ಮೂತಿ ಎತ್ತಿ ಮತ್ತೆ ಮೇಲಕ್ಕೆ ನುಗ್ಗಿತು. ಹಿಂದೆ ಯಾರೋ ಚೀರಿದರು. ಮುಗೀತು, ಸತ್ತೆವು ಎಂದುಕೊಂಡೆ. ಟೇಪಿನ ತುದಿ ಸಿಗುತ್ತಿಲ್ಲ, ಬೆವರಿದ ಕೈ ಜಾರುತ್ತಿದೆ. ಹಲ್ಲು ಹಚ್ಚಿ ಹರಿದೆ. ಬ್ಯಾಟರಿ ಕಿತ್ತು ಸೆರಗಿನಲ್ಲಿ ಗಂಟು ಹಾಕಿದೆ. ಅಪ್ಪ ಕಣ್ಣು ಮುಚ್ಚಿ "ಶಿವಾ, ಶಿವಾ" ಎನ್ನುತ್ತಿದ್ದರು. ಊರಿಗೆಲ್ಲ ಜೋರು ಮಾಡುವ ಮನುಷ್ಯ ಹಾಗೆ ಹೆದರಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಒಂದು ಸುತ್ತು ಹಾಕಿ ವಿಮಾನ ಇಳಿಯಿತು. ಬಾಗಿಲಲ್ಲಿ ಪೈಲಟ್ ನಿಂತಿದ್ದರು. ನಮ್ಮ ಫೋನಿನಿಂದ ಹೀಗಾಯಿತೇ ಎಂದು ನನ್ನ ಅರೆಬರೆ ಹಿಂದಿಯಲ್ಲಿ ಕೇಳಿದೆ. ಅವರು ನಕ್ಕುಬಿಟ್ಟರು. ಮುಂಚೆ ಇಳಿದ ವಿಮಾನವೊಂದು ಇನ್ನೂ ರನ್‌ವೇಯ ಮೇಲಿತ್ತಂತೆ, ಮೇಲೇರಿ ಎಂದು ಕೆಳಗೆ ನಿಲ್ದಾಣದವರು ರೇಡಿಯೊದಲ್ಲಿ ಹೇಳಿದರಂತೆ, ಅಷ್ಟೇ. ಹೋದ ಜೀವ ಬಂದಂತಾಯಿತು. ಅಪ್ಪ ಅವರಿಗೆ ಕೈ ಮುಗಿದರು.

ಆಗ ಪೈಲಟರ ಕಣ್ಣು ನನ್ನ ಕೈಯಲ್ಲಿದ್ದ ಹರಕು ಫೋನಿನ ಮೇಲೆ ಬಿತ್ತು. ಯಾವಾಗ ರಿಂಗಾಯಿತು ಎಂದು ಕೇಳಿದರು. ಮೇಲೇರುವುದಕ್ಕೆ ಸ್ವಲ್ಪ ಮುಂಚೆ ಎಂದೆ. ಅವರ ನಗು ನಿಂತಿತು. ಕೆಳಗಿನವರು ಮೊದಲ ಸಲ ಹೇಳಿದ್ದು ತಮಗೆ ಕೇಳಿಸಲೇ ಇಲ್ಲ, ಕಿವಿಯಲ್ಲಿ ಬರೀ ಟರಟಕ್ ಸದ್ದಿತ್ತು, ಎರಡನೇ ಸಲ ಕೂಗಿದ ಮೇಲೆ ತಿಳಿಯಿತು ಎಂದರು.

ಮೆಟ್ಟಿಲಿಳಿಯುವಾಗ ಅಪ್ಪ ನನ್ನ ರಟ್ಟೆ ಹಿಡಿದಿದ್ದರು. ಕೆಳಗೆ ನಿಂತು ತಿರುಗಿ ನೋಡಿದರು. ಜನ ಇನ್ನೂ ಇಳಿಯುತ್ತಿದ್ದರು. ಒಬ್ಬಾಕೆಯ ಹೆಗಲ ಮೇಲೆ ಕೂಸು ಮಲಗಿತ್ತು.

"ಎರಡನೇ ಸಲಾ ಹೇಳಾಕ ಟೈಮ್ ಸಿಗದಿದ್ರ, ಮಗಳ?" ಎಂದರು ಅಪ್ಪ.