ಒಂದೇ ಕೈಗೆ ತೆರೆಯುವ ಮುಚ್ಚಳ

ಬೇಕರಿಯ ಬಾಗಿಲು ಇನ್ನೂ ಅರ್ಧ ಮಾತ್ರ ಮೇಲೆದ್ದಿದೆ. ಒಳಗಿನ ಬೆಳಕು ರಸ್ತೆಗೆ ಚೆಲ್ಲಿದ ಜಾಗದಲ್ಲಿ, ಮೊಣಕಾಲೆತ್ತರದ ಕೆಂಪು ಕಬ್ಬಿಣದ ಕಂಬವೊಂದರ ಮುಂದೆ ಅವರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಎಡಗೈ ಬೆನ್ನ ಹಿಂದೆ. ಬಲಗೈಯಲ್ಲಿ ತಿರುಪು ಬಿಚ್ಚುವ ಮೊಳದುದ್ದದ ಪಾನಾ. ಅದನ್ನು ಪಕ್ಕದ ಮುಚ್ಚಳಕ್ಕೆ ಕಚ್ಚಿಸಿ ಒಮ್ಮೆ ಒತ್ತುತ್ತಾರೆ, ಮುಚ್ಚಳ ಹೊರಳುತ್ತದೆ. ನೆತ್ತಿಯ ಚಕ್ರ ತಿರುವುತ್ತಾರೆ. ಕಂಬದ ಹೊಟ್ಟೆಯಲ್ಲಿ ಏನೋ ಗೊಣಗಿದಂತಾಗಿ ಮೊದಲು ಗಾಳಿ, ಆಮೇಲೆ ತುಕ್ಕಿನ ನೀರು, ಕೊನೆಗೆ ತಿಳಿನೀರು ಬರುತ್ತದೆ. ನೀರು ತಿಳಿಯಾಗುವ ತನಕ ಅವರು ಮಾತಾಡುವುದಿಲ್ಲ. ಬೇಕರಿಯವನಿಗೂ ಅದು ರೂಢಿಯಾಗಿದೆ.

"ಬಂತಾ ಅಕ್ಕಾ?"

"ಬರ್ದೆ ಎಲ್ಲಿಗೆ ಹೋಗುತ್ತೆ? ನಿನ್ನ ಒಲೆ ನೆಟ್ಟಗಿಟ್ಕೋ, ನನ್ನ ನಲ್ಲಿ ನಾನು ನೋಡ್ಕೋತೀನಿ."

ಊರಿನವರ ಬಾಯಲ್ಲಿ ಅವರು 'ನಲ್ಲಿ ಅಕ್ಕ'. ಅಗ್ನಿಶಾಮಕ ಠಾಣೆಯಲ್ಲಿ ಕೆಲಸ. ಬೆಂಕಿ ಬಿದ್ದಾಗ ವಾಹನದ ಟ್ಯಾಂಕಿನ ನೀರು ನೋಡನೋಡುತ್ತಲೇ ಮುಗಿದುಹೋಗುತ್ತದೆ. ಆಮೇಲೆ ಗತಿ ಬೀದಿಬೀದಿಯಲ್ಲಿ ನಿಂತಿರುವ ಈ ಕೆಂಪು ನಲ್ಲಿಗಳೇ. ಪೈಪ್ ಜೋಡಿಸಿದರೆ ನೀರು ಕೊಡಬೇಕಾದ ಇವುಗಳ ಮೇಲೆ ಜನ ಚೀಲ ಇಡುತ್ತಾರೆ, ಸೈಕಲ್ ಒರಗಿಸುತ್ತಾರೆ. ತಿರುವದೆ ಬಿಟ್ಟರೆ ಇವು ತುಕ್ಕು ಹಿಡಿದು ಕಲ್ಲಾಗುತ್ತವೆ. ಆದ್ದರಿಂದ ದಿನಾ ಬೆಳಗ್ಗೆ ನಾಲ್ಕೈದು ನಲ್ಲಿಗಳನ್ನು ತೆರೆದು, ಹರಿಸಿ, ಗ್ರೀಸ್ ಹಚ್ಚಿ ಮುಚ್ಚುವುದು ಇವರ ಪಾಲಿನ ಕೆಲಸ. ತಿಂಗಳೊಪ್ಪತ್ತಿನಲ್ಲಿ ಊರು ಒಂದು ಸುತ್ತು ಮುಗಿಯುತ್ತದೆ. ಮತ್ತೆ ಬೇಕರಿಯಿಂದ ಶುರು.

ಎಡಗೈ ಬೆನ್ನ ಹಿಂದೆ ಯಾಕೆ? "ಬೆಂಕಿ ಹತ್ರ ಹೋದಾಗ ಒಂದು ಕೈಲಿ ಪೈಪ್ ಇರುತ್ತೆ. ಮುಚ್ಚಳ ತೆರೆಯೋಕೆ ಉಳಿಯೋದು ಇನ್ನೊಂದೇ ಕೈ. ಎರಡು ಕೈ ಕೇಳೋ ನಲ್ಲಿ ನನ್ನ ಲೆಕ್ಕದಲ್ಲಿ ನಲ್ಲಿಯೇ ಅಲ್ಲ."

ಇದು ತಂದೆಯಿಂದ ಬಂದ ಪಾಠ. ಅವರು ಇದೇ ಠಾಣೆಯ ವಾಹನ ಓಡಿಸುತ್ತಿದ್ದವರು. ಮನೆಗೆ ಬಂದರೆ ಮಾತಿಲ್ಲ, ಕತೆಯಿಲ್ಲ. ಚೊಂಬಿನ ನೀರನ್ನು ಗಟಗಟ ಕುಡಿದರೆ ಎಲ್ಲ ಸುಸೂತ್ರ, ಹಿಡಿದುಕೊಂಡು ಸುಮ್ಮನೆ ಕೂತರೆ ಏನೋ ಕೈಮೀರಿದೆ ಎಂದು ಮಗಳು ಅರ್ಥ ಮಾಡಿಕೊಳ್ಳುತ್ತಿದ್ದಳು. ಒಂದೇ ಒಂದು ಸಲ ಬಾಯಿಬಿಟ್ಟಿದ್ದರಂತೆ: "ಬೆಂಕಿ ಕಂಡು ನಾನು ಹೆದರಿದವನಲ್ಲ ಮಗಳೇ. ಒಣ ಪೈಪ್ ಹಿಡ್ಕೊಂಡು ನಿಂತಿದ್ದೆ ನೋಡು, ಅವತ್ತು ಹೆದರಿದೆ." ಯಾವತ್ತು, ಎಲ್ಲಿ ಎಂದು ಮಗಳು ಕೇಳಲಿಲ್ಲ. ದೊಡ್ಡವಳಾದ ಮೇಲೆ ಪಾನಾ ಹಿಡಿದಳು.

ಇಷ್ಟು ವರ್ಷಗಳಲ್ಲಿ ಈ ಕೆಲಸಕ್ಕೆ ದೊಡ್ಡ ಗಂಡಾಂತರ ಬಂದದ್ದು ತುಕ್ಕಿನಿಂದಲ್ಲ. ಸ್ವಂತ ಗಂಡನಿಂದ!

ಅವರು ಬೋರ್ಡ್ ಬರೆಯುವ ಪೇಂಟರ್. ಊರಿನ ಅರ್ಧ ಅಂಗಡಿಗಳ ಹೆಸರು ಅವರ ಕೈಯಲ್ಲೇ ಮೂಡಿದ್ದು. ಈಚೆಗೆ ಪುರಸಭೆಯವರು ಬೀದಿಗಳನ್ನು ಚಂದಗಾಣಿಸಲು ಹೊರಟಾಗ ನಲ್ಲಿಗಳಿಗೆ ಬಣ್ಣ ಹೊಡೆಯುವ ಕೆಲಸ ಅವರಿಗೆ ಸಿಕ್ಕಿತು. ಹೆಂಡತಿ ನೋಡಿಕೊಳ್ಳುವ ನಲ್ಲಿಗಳು ಎಂಬ ಅಭಿಮಾನ ಬೇರೆ. ಸಂದು ಕಾಣದಂತೆ ಮೂರು ಕೋಟ್ ಹೊಡೆದರು. ತಾವು ಬೋರ್ಡ್ ಬರೆಯುವ ಶೆಡ್ಡಿನ ಎದುರಿನ ನಲ್ಲಿಗಂತೂ, ಮುಚ್ಚಳ ಸೇರುವ ಕಡೆ ಕೂದಲೆಳೆಯಷ್ಟು ಸಣ್ಣ ಚಿನ್ನದ ಗೆರೆ ಎಳೆದರು. ಜನ ನಿಂತು ನೋಡಿದರು.

ಮರುದಿನ ಬೆಳಗ್ಗೆ ನಲ್ಲಿ ಅಕ್ಕ ಪಾನಾ ಹಾಕಿದರೆ ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಬಣ್ಣ ತಿರುಪಿನೊಳಗೆ ಇಳಿದು, ಒಣಗಿ, ಮುಚ್ಚಳವನ್ನು ಕಂಬಕ್ಕೆ ಬೆಸೆದುಬಿಟ್ಟಿತ್ತು. ಎಲ್ಲ ನಲ್ಲಿಗಳದ್ದೂ ಅದೇ ಪಾಡು.

"ಮೂರು ಕೋಟ್ ಕಣೇ! ಹತ್ತು ವರ್ಷ ಅಲುಗಾಡಲ್ಲ," ಎಂದರು ಗಂಡ.

"ಅದೇ ಕಣ್ರೀ ನನ್ನ ಸಂಕಟ, ಅಲುಗಾಡ್ತಿಲ್ಲ!"

ತಂತಿ ಬ್ರಷ್ ಹಿಡಿದು ಒಂದೊಂದೇ ನಲ್ಲಿಯ ಬಣ್ಣ ಕೆರೆಯಲು ಕೂತರು. ಹೋಗಿಬರುವವರಿಗೆ ಪುಕ್ಕಟೆ ತಮಾಷೆ. "ಏನಕ್ಕಾ, ಗಂಡ ಬಳಿದದ್ದನ್ನ ಹೆಂಡ್ತಿ ಕೆರೀತಿದ್ದೀರಿ, ಮನೆ ಜಗಳ ಬೀದಿಗೆ ಬಂತಾ?" ಎಂದು ಹಾಸಿಗೆ ಅಂಗಡಿಯವರು ಕಾಲೆಳೆದರು. ಆ ಮಾತು ಪೇಂಟರ್ ಕಿವಿಗೂ ಬಿತ್ತು. ತಮ್ಮ ಕೈಕೆಲಸ ಸಿಪ್ಪೆಯಾಗಿ ಉದುರುವುದನ್ನು ನೋಡಲಾರದೆ ಅವರು ದಾರಿ ಬದಲಿಸಿ ಓಡಾಡತೊಡಗಿದರು. ಮನೆಯಲ್ಲಿ ಮಾತು ನಿಂತಿತು.

"ಉಪ್ಪು ಕಮ್ಮಿ ಅಂತ ನಿಮ್ಮಮ್ಮಂಗೆ ಹೇಳು."

"ಉಪ್ಪಿನ ಡಬ್ಬಿ ಅವರ ಮುಂದೇ ಇದೆ ಅಂತ ನಿಮ್ಮಪ್ಪಂಗೆ ಹೇಳು."

"ನಾನೇನು ಪೋಸ್ಟ್ ಆಫೀಸಾ?" ಎಂದು ಕಾಲೇಜಿಗೆ ಹೋಗುವ ಮಗಳು ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ ಕೂತಳು.

ಒಂದನ್ನು ಬಿಟ್ಟು ಉಳಿದೆಲ್ಲ ನಲ್ಲಿಗಳು ಮತ್ತೆ ಒಂದೇ ಕೈಗೆ ತೆರೆದವು. ಉಳಿದದ್ದು ಆ ಚಿನ್ನದ ಗೆರೆಯದ್ದು. "ಅದರ ಮುಂದೆ ಕೂರ್ತಿದ್ದೆ, ಬ್ರಷ್ ಎತ್ತೋಕೆ ಮನಸ್ಸು ಬರ್ತಿರ್ಲಿಲ್ಲ. ನಾಳೆ ಮಾಡಿದ್ರಾಯ್ತು ಅಂತ ಎದ್ದು ಬರ್ತಿದ್ದೆ," ಎನ್ನುತ್ತಾರೆ ನಲ್ಲಿ ಅಕ್ಕ. ಇದನ್ನು ಹೇಳುವಾಗ ಅವರ ಕಣ್ಣು ಪಾನಾದ ಮೇಲಿರುತ್ತದೆ.

ಹೀಗಿರುವಾಗ ಒಂದು ಗುರುವಾರ ಮಧ್ಯಾಹ್ನ ಠಾಣೆಯ ಗಂಟೆ ಹೊಡೆಯಿತು. ಹಾಸಿಗೆ ಅಂಗಡಿಗೆ ಬೆಂಕಿ. ಮಹಡಿಯ ಹೊಲಿಗೆ ಕೋಣೆಯಲ್ಲಿ ಹೆಂಗಸರು ಸಿಕ್ಕಿಕೊಂಡಿದ್ದಾರೆ. ಬೀದಿಯ ಹೆಸರು ಕೇಳಿದ ಕೂಡಲೇ ನಲ್ಲಿ ಅಕ್ಕನಿಗೆ ಚಿನ್ನದ ಗೆರೆ ನೆನಪಾಯಿತು. ಪೇಂಟರ್ ಶೆಡ್ಡಿನ ಬೀದಿ! ಅಲ್ಲಿರುವುದು ಒಂದೇ ನಲ್ಲಿ.

ವಾಹನದಲ್ಲಿ ಪಾನಾವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ತಂದೆಯ ಒಣ ಪೈಪು ತನ್ನ ಕೈಗೇ ಬಂತು ಎಂಬುದೊಂದೇ ಯೋಚನೆ. ಇಳಿಯುವಷ್ಟರಲ್ಲಿ ಹತ್ತಿ ಸುಟ್ಟ ಕಪ್ಪು ಹೊಗೆ ಬೀದಿ ತುಂಬಿತ್ತು. ಸಂಗಡಿಗರು ಟ್ಯಾಂಕಿನ ನೀರು ಬಿಡುತ್ತ ಏಣಿ ಚಾಚಿದರು. ಇವರು ಎಡಗೈಯಲ್ಲಿ ಪೈಪ್ ಹಿಡಿದು ನಲ್ಲಿಯತ್ತ ಓಡಿದರು. ಚಿನ್ನದ ಗೆರೆ ಹೊಗೆಯಲ್ಲೂ ಮಿನುಗುತ್ತಿತ್ತು. ಪಾನಾ ಕಚ್ಚಿಸಿ, ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹಾಕಿ ಒತ್ತಿದರು.

ಮುಚ್ಚಳ ಬೆಣ್ಣೆಯ ಹಾಗೆ ಹೊರಳಿತು. ಅಷ್ಟು ಬಲ ಬೇಕಿರಲಿಲ್ಲ; ಇವರು ಮುಗ್ಗರಿಸಿ ಮೊಣಕಾಲೂರಿದರು. ತಿರುಪಿನ ಒಳಗೆ ಬಣ್ಣದ ಚೂರೂ ಇರಲಿಲ್ಲ. ಗ್ರೀಸ್ ಮಾತ್ರ ಹೊರಗೆ ಉಕ್ಕುವಷ್ಟಿತ್ತು. ಬೆಳಗ್ಗೆ ಮನೆಯ ಗೋಡೆಯಲ್ಲಿ ಪಾನಾ ತಲೆಕೆಳಗಾಗಿ ನೇತಾಡುತ್ತಿದ್ದದ್ದು ಆಗ ನೆನಪಾಯಿತು. ಮಗಳ ಕೆಲಸವೆಂದುಕೊಂಡು ಸರಿಯಾಗಿ ತಿರುಗಿಸಿ ತಂದಿದ್ದರು.

ಪೈಪ್ ಜೋಡಿಸಿದರು, ಚಕ್ರ ತಿರುವಿದರು. ಚಪ್ಪಟೆಯಾಗಿ ಬಿದ್ದಿದ್ದ ಪೈಪ್ ಬೀದಿಯುದ್ದಕ್ಕೂ ಹೆಬ್ಬಾವಿನ ಹಾಗೆ ಉಬ್ಬುತ್ತಾ ಹೋಯಿತು. ಏಣಿಯ ಮೇಲಿದ್ದವರು "ಬಂತು! ನೀರು ಬಂತು!" ಎಂದು ಕೂಗಿದರು. ಹೊಲಿಗೆಯ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಕೊನೆಯಾಕೆ ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಕಿಕೊಂಡೇ ಇಳಿದು, ರಸ್ತೆಯಲ್ಲಿ ಕೂತು, ಅಳುತ್ತಲೇ ನಕ್ಕುಬಿಟ್ಟಳು. ಯಾರ ಕೂದಲೂ ಕೊಂಕಲಿಲ್ಲ. ಅಂಗಡಿಯ ಮುಂಭಾಗ ಕರಕಲಾಯಿತು, ಹಿಂಭಾಗ ಉಳಿಯಿತು, ಬೀದಿ ಉಳಿಯಿತು. ಜನ ಚಪ್ಪಾಳೆ ಹೊಡೆದರು. ಹಾಸಿಗೆ ಅಂಗಡಿಯವರು ಕೈಮುಗಿದು, "ಅಕ್ಕಾ, ಇನ್ನು ನಿಮ್ಮ ತಂಟೆಗೆ ಬಂದ್ರೆ ಕೇಳಿ," ಎಂದರು.

ಗುಂಪಿನ ಹಿಂದೆ ತಲೆತುಂಬ ಬೂದಿ ಹೊತ್ತು ಪೇಂಟರ್ ನಿಂತಿದ್ದರು. ನಲ್ಲಿ ಅಕ್ಕ ಅವರ ಮುಂದೆ ಹೋಗಿ ನಿಂತರು. ಎಷ್ಟೋ ದಿನಗಳ ಮೇಲಿನ ಮೊದಲ ಮಾತು.

"ಗ್ರೀಸ್ ಜಾಸ್ತಿ ಹಾಕಿದ್ದೀರಿ."

"ಉಪ್ಪು ಕಮ್ಮಿ ಹಾಕೋದಕ್ಕಿಂತ ವಾಸಿ ಬಿಡು."

ಹಿಂದಿನ ರಾತ್ರಿ ಪೇಂಟರ್ ಗೋಡೆಯ ಪಾನಾ ಒಯ್ದು, ತಾವೇ ಬಣ್ಣ ಬಿಡಿಸಿ, ಗ್ರೀಸ್ ಹಚ್ಚಿ, ಗೆರೆಯನ್ನು ಸಂದಿಗಿಂತ ಬೆರಳಷ್ಟು ಹಿಂದಕ್ಕೆ ಎಳೆದಿದ್ದರು. ಹೇಳಲಿಲ್ಲವೇಕೆ? "ಹೇಳೋಕೆ ಮಾತಾಡ್ಬೇಕಲ್ಲ ಸ್ವಾಮಿ," ಎನ್ನುತ್ತಾರೆ ಪೇಂಟರ್. "ಬೇರೆಯವರು ಕೆರೆದ್ರೆ ಉರಿಯುತ್ತೆ. ನಮ್ಮದನ್ನ ನಾವೇ ಕೆರ್ಕೊಂಡ್ರೆ ಅಷ್ಟು ಉರಿಯಲ್ಲ."

ಈಗ ಊರಿನ ಎಲ್ಲ ನಲ್ಲಿಗಳಿಗೂ ಚಿನ್ನದ ಗೆರೆಯಿದೆ. ಅಲಂಕಾರಕ್ಕಲ್ಲ, ಅದು ಗಡಿ. ಬಣ್ಣದ ಬ್ರಷ್ ಅದನ್ನು ದಾಟುವಂತಿಲ್ಲ. ಪುರಸಭೆಯವರು ಸನ್ಮಾನ ಮಾಡುತ್ತೇವೆಂದಾಗ ನಲ್ಲಿ ಅಕ್ಕ ಶಾಲು ಬೇಡವೆಂದು, ನಲ್ಲಿಗಳ ಮುಂದೆ ಗಾಡಿ ನಿಲ್ಲಿಸದಂತೆ ಹೇಳಿ ಸಾಕು ಎಂದರು. ಇನ್ನೇನಾದರೂ ಆಸೆ?

ಬೇಕರಿಯ ಮುಂದೆ ನೀರು ತಿಳಿಯಾಗಿದೆ. ಅವರು ಚಕ್ರ ತಿರುವಿ ನಿಲ್ಲಿಸುತ್ತಾರೆ. ಬಲಗೈ ಒಂದರಲ್ಲೇ ಮುಚ್ಚಳ ಬಿಗಿದು, ಅಂಗೈಯಿಂದ ಅದರ ಬೆನ್ನು ತಟ್ಟುತ್ತಾರೆ.

"ಇವು ಯಾವತ್ತೂ ಬೇಕಾಗದೇ ಇರ್ಲಿ. ಬೇಕಾದ ದಿನ ಯಾರೇ ಬಂದು ತಿರುವ್ಲಿ, ಅವರಿಗೆ ನನ್ನ ನೆನಪು ಬರಬಾರ್ದು. ಅಷ್ಟು ಸಲೀಸಾಗಿ ತೆರ್ಕೋಬೇಕು."