ಶಾಂತಕ್ಕನ ಮುಚ್ಚಳ

ನಮ್ಮ ಅಡುಗೆಮನೆಯಲ್ಲಿ ಈಗ ಪ್ರತಿಯೊಂದು ಸ್ಟೀಲ್ ಡಬ್ಬಿಗೂ ಅದರದೇ ಮುಚ್ಚಳವಿದೆ. ಇದನ್ನು ಓರಣವೆಂದು ಹೊಗಳುವ ಮುನ್ನ, ಮಿತ್ರರೇ, ನಿಮ್ಮ ಕಪಾಟನ್ನೊಮ್ಮೆ ತೆರೆದು ನೋಡಿ. ನಾಲ್ಕು ಮನೆಗಳೊಡನೆ ಕೊಡುಕೊಳ್ಳುವಿಕೆ ಇರುವವರಲ್ಲಿ ಒಂದಾದರೂ ಮುಚ್ಚಳ ಅದಲುಬದಲಾಗಿ, ಯಾರದೋ ಹೆಸರು ಕೊರೆಸಿಕೊಂಡು, ಅವಲಕ್ಕಿ ಡಬ್ಬಿಯ ಮೇಲೆ ಅರೆಬರೆ ಕೂತಿರುತ್ತದೆ. ಮೊನ್ನೆಯವರೆಗೆ ನಮ್ಮಲ್ಲೂ ಅಂಥದೊಂದಿತ್ತು. ಅದರ ಮೇಲೆ ‘ಶಾಂತಾ, ಹುಬ್ಬಳ್ಳಿ’ ಎಂದು ಚುಕ್ಕೆಚುಕ್ಕೆಯಾಗಿ ಕೊರೆದಿತ್ತು.

ಎರಡು ಸಾವಿರದ ಹತ್ತರ ಸುಮಾರಿಗೆ ನಾನು ಸಿಡ್ನಿಯ ಲಿವರ್‌ಪೂಲ್‌ನಲ್ಲಿ ವಕೀಲೆ, ಶಾಂತಕ್ಕ ಪಕ್ಕದ ಮನೆಯಾಕೆ. ನಾನು ಕೋರ್ಟಿನಲ್ಲಿ ವಾದಿಸುತ್ತಿದ್ದಾಗ ಹಾಸಿಗೆ ಹಿಡಿದ ನನ್ನ ತಾಯಿಗೆ ಗಂಜಿ ಕುಡಿಸಿದವಳು ಅವಳೇ. ತಾಯಿ ತೀರಿದ ವರ್ಷ ನಾಗರಪಂಚಮಿಗೆ ಒಂದು ಡಬ್ಬಿ ಶೇಂಗಾ ಉಂಡಿ ತಂದು, “ತವರಮನಿ ಉಂಡಿ ಇಲ್ಲದ ಅದೆಂಥಾ ಪಂಚಮಿ, ತಂಗಿ?” ಎಂದಳು. ಮುಂದೆ ನಾನು ಫೆಡರಲ್ ನ್ಯಾಯಾಲಯವೊಂದರ ವಿಚಾರಣಾ ನ್ಯಾಯಾಧೀಶೆಯಾಗಿ ಮೆಲ್ಬರ್ನಿಗೆ ಬಂದೆ. ವರ್ಷದೊಳಗೆ ಅವಳೂ ಮಗನ ಸಂಸಾರದೊಂದಿಗೆ ಅಲ್ಲಿನ ಟಾರ್ನೀಟ್ ಬಡಾವಣೆ ಸೇರಿದಳು. ಪಂಚಮಿಯ ಡಬ್ಬಿ ತಪ್ಪಲಿಲ್ಲ. ಬರಿದಾದ ಮೇಲೆ ಒಂದು ಹಿಡಿ ಸಕ್ಕರೆ ಹಾಕಿ ನಾನು ಮರಳಿಸುತ್ತಿದ್ದೆ.

ನ್ಯಾಯಪೀಠ ಏರಿದವರ ವೃತ್ತಿಜೀವನವೆಂದರೆ ಒಂದೊಂದೇ ಊಟದೆಲೆಯಿಂದ ಏಳುತ್ತ ಹೋಗುವುದು. ಮೊದಲು ಯುಗಾದಿ ಕೂಟ ಬಿಟ್ಟೆ, ಆಮೇಲೆ ಮದುವೆ-ಮುಂಜಿ. ನಾಳೆ ಇವರಲ್ಲಿ ಯಾರು ಕಕ್ಷಿದಾರರಾಗಿ ಎದುರು ನಿಂತಾರೋ ಎಂಬ ಭಯ. ಆ ಭಯಕ್ಕೆ ನಿಷ್ಪಕ್ಷಪಾತವೆಂಬ ಘನವಾದ ಹೆಸರಿಟ್ಟು ಬೀಗಿದೆ.

ಹೀಗಿರುವಾಗ ಒಂದು ಪಂಚಮಿಯ ಮುಂಜಾನೆ ಡಬ್ಬಿ ಬಂತು. ಒಂದು ಉಂಡಿ ಬಾಯಿಗೆ ಹಾಕಿಕೊಂಡು ಮುಂದಿನ ವಾರದ ಕಡತ ತೆರೆದರೆ, ವೀಸಾ ರದ್ದಾದ ವಿದ್ಯಾರ್ಥಿಯೊಬ್ಬನ ಅರ್ಜಿ. ವಿಳಾಸ ಟಾರ್ನೀಟಿನ ಅದೇ ಮನೆಯದು, ಆಸರೆ ಕೊಟ್ಟವಳು ಸೋದರತ್ತೆ ಶಾಂತಾ. ಪ್ರಕರಣವನ್ನು ಬೇರೆ ನ್ಯಾಯಾಧೀಶರಿಗೆ ಬಿಟ್ಟುಕೊಟ್ಟೆ, ಅದು ಸರಿಯೇ. ಅಷ್ಟಕ್ಕೆ ನಿಲ್ಲಬಹುದಿತ್ತು. “ಅಕ್ಕಗ ಒಂದ್ ಫೋನ್ ಮಾಡಿ ಮಾತಾಡಬಾರದೇನು?” ಎಂದು ನನ್ನ ಗಂಡ ಕೇಳಿದ. ನಾನು ಪತ್ರ ಬರೆದೆ: ನಿಮ್ಮ ಅಣ್ಣನ ಮಗನ ವೀಸಾ ಪ್ರಕರಣ ನಮ್ಮ ನ್ಯಾಯಾಲಯದಲ್ಲಿರುವುದರಿಂದ ಈ ಉಡುಗೊರೆಯನ್ನು ಸ್ವೀಕರಿಸಲಾರೆ. ಅವಸರದಲ್ಲಿ ನಮ್ಮದೊಂದು ಮುಚ್ಚಳ ಅಮುಕಿ ಗಂಡನ ಕೈಯಲ್ಲೇ ಡಬ್ಬಿ ಕಳಿಸಿದೆ. ಖಾಲಿ ಡಬ್ಬಿ ಮರಳಿಸಬಾರದೆಂಬ ಹಿರಿಯರ ಮಾತನ್ನು ನನ್ನಷ್ಟು ಚೆನ್ನಾಗಿ ಪಾಲಿಸಿದವರುಂಟೇ? ತುಂಬಿದ್ದನ್ನೇ ಮರಳಿಸಿದೆ. ತಿಂದ ಉಂಡಿಯ ಸಂಗತಿ ಮಾತ್ರ ಪತ್ರದಲ್ಲಿರಲಿಲ್ಲ.

ಶಾಂತಕ್ಕನಿಗೆ ಆ ಪ್ರಕರಣದ ಸುದ್ದಿಯೇ ಗೊತ್ತಿರಲಿಲ್ಲ. ಅತ್ತೆ ನೊಂದಾಳೆಂದು ಹುಡುಗ ಮುಚ್ಚಿಟ್ಟಿದ್ದ; ಹೊರಗೆಡವಿದ್ದು ನನ್ನ ಪತ್ರ. ನಾಚಿಕೆಯಿಂದ ಅವನು ಆ ವಾರವೇ ಮನೆ ಬಿಟ್ಟ. ಮುಂದೆ ಪ್ರಕರಣ ಗೆದ್ದನಂತೆ, ಅತ್ತೆಯ ಮನೆಗೆ ಮರಳಲಿಲ್ಲ. ಇದೆಲ್ಲ ತಿಳಿದ ಮೇಲೂ ನಾನು ಹೋಗಲಿಲ್ಲ. ಪ್ರಕರಣ ಮುಗಿಯಲಿ ಎಂದೆ. ಮುಗಿದಾಗ, ನಿವೃತ್ತಿಯಾಗಲಿ ಎಂದೆ. ತಡವಾಗಿ ಬಂದರೆಂದು ಎಷ್ಟೋ ಜನರ ಅರ್ಜಿ ತಳ್ಳಿಹಾಕಿದವಳು ನನಗೆ ನಾನೇ ವಾಯಿದೆಯ ಮೇಲೆ ವಾಯಿದೆ ಕೊಟ್ಟುಕೊಂಡೆ. ನಿಜ ಹೇಳಬೇಕೆಂದರೆ, ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

ನಿವೃತ್ತಳಾಗಿ, ಮೊನ್ನೆ, ಮುಚ್ಚಳ ಹಿಡಿದುಕೊಂಡು ಹೋದೆ. ಶಾಂತಕ್ಕ ಬಾಗಿಲಲ್ಲಿ ಎರಡೂ ಕೈ ಜೋಡಿಸಿ, “ಬರ್ರಿ ಮೇಡಮ್ಮರ, ಒಳಗ ಬರ್ರಿ” ಎಂದಳು. ಅತಿಥಿಗಳಿಗೆಂದು ಇಟ್ಟ ಕಪ್ಪಿನಲ್ಲಿ ಚಹಾ ಕೊಟ್ಟಳು.

“ತಪ್ಪಾತು ಅಕ್ಕಾ,” ಎಂದೆ. “ಅವತ್ತ ಒಂದ್ ಉಂಡಿ ತಿಂದು ಕಳಿಸಿದ್ದೆ. ಅದನ್ನೂ ಹೇಳಲಿಲ್ಲ.”

“ಗೊತ್ತೈತ್ರಿ. ಹನ್ನೊಂದ ಇಟ್ಟಿದ್ದೆ, ಹತ್ತ ಬಂದುವು,” ಎಂದಳು. “ಅದೊಂದರ ನಿಮಗ ಮುಟ್ಟಿತಲ್ಲ ಅಂತ ಸಮಾಧಾನ ಮಾಡ್ಕೊಂಡೆ.”

ಆ ಮಾತಿನಲ್ಲಿ ಕೋಪವಿದ್ದಿದ್ದರೆ ನಾನು ಅಲ್ಲೇ ಕೂತು ಅತ್ತು ಹಗುರಾಗುತ್ತಿದ್ದೆ. ಅವಳು ತನ್ನ ಮುಚ್ಚಳವನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೊಯ್ದಳು. ನಮ್ಮ ಮುಚ್ಚಳವನ್ನು ತೊಳೆದು ತಂದು ನನ್ನ ಕೈಗಿಟ್ಟಳು. ಡಬ್ಬಿಗಾದರೆ ಒಂದು ಹಿಡಿ ಸಕ್ಕರೆ ಹಾಕಿಕೊಡಬಹುದು. ಮುಚ್ಚಳಕ್ಕೆ ಏನು ಹಾಕುತ್ತಾರೆ?

ಈಗ ನಮ್ಮ ಡಬ್ಬಿಗಳೆಲ್ಲ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಕಪಾಟಿನಲ್ಲಿ ಬೇರೆ ಮನೆಯದೆಂಬುದು ಒಂದೂ ಇಲ್ಲ. ಬರುವ ಪಂಚಮಿಗೆ ತನ್ನ ಮುಚ್ಚಳ ಕೇಳಿಕೊಂಡು ಯಾರೂ ಬರಬೇಕಾಗಿಲ್ಲ.